ಮೂವತ್ತೊಂಬತ್ತನೆಯ ಲೂಡೊಲ್ಫ್

೧೮೪೬, ಅಕ್ಟೋಬರ್ ೧೨, ಸೋಮವಾರ

ಬೆಳಿಗ್ಗೆ ದಾಖಲೆ ಕೋಣೆ. ತೇವ ಕಡಿಮೆ. ಮೂರನೆಯ ಕಪಾಟಿನ ಹಸಿರು ದಾರದ ಗಂಟು ನಾನು ಹಾಕಿದ್ದಲ್ಲ. ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಆ ಕಟ್ಟಿನಲ್ಲಿರುವುದು ಎರಡು ಅರಸುಮನೆಗಳ ಹಳೆಯ ಒಪ್ಪಂದ. ನಮ್ಮ ಬೆಟ್ಟದ ಮನೆಯಲ್ಲಿ ಗಂಡು ಸಂತಾನ ನಿಂತುಹೋದರೆ ರೋಡೆನ್‌ಟಾಲ್ ಸೀಮೆ ಹೊಳೆಯ ಮನೆಗೆ. ಅದನ್ನು ಓದುವ ಆತುರ ಯಾರಿಗಿದೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬ್ಯಾರನ್ ಹಾಕ್ ಬಂದು ಒಂಬತ್ತು ದಿನ. ನಮ್ಮ ಅರಸರು ಕುದುರೆಯಿಂದ ಬಿದ್ದು ತೀರಿಕೊಂಡ ಮರುದಿನವೇ ಬಂದವರು, ಹೊಳೆಯ ಮನೆಯ ಪರವಾಗಿ ದುಃಖ ತಿಳಿಸಲು. ದುಃಖಕ್ಕೆ ನಾಲ್ಕು ಪೆಟ್ಟಿಗೆ ಬಟ್ಟೆ ತಂದಿದ್ದಾರೆ.

ಅರಮನೆಯ ಗಡಿಯಾರಗಳೆಲ್ಲ ನಿಂತಿವೆ. ಸೂತಕದ ನಲವತ್ತು ದಿನ ಹಾಗೆಯೇ. ಡಾಕ್ಟರ್ ಕ್ರೂಸಿಯಸ್ ಅವರ ಜೇಬಿನದಕ್ಕೆ ಮಾತ್ರ ರಿಯಾಯಿತಿ — ರಾಣಿಯವರ ನಾಡಿ ನೋಡಬೇಕಲ್ಲ, ಎಂಟು ತಿಂಗಳ ಗರ್ಭಿಣಿ.

ಮಧ್ಯಾಹ್ನ ತಂಗಿ ಬೆನಿಗ್ನಾ ತಟ್ಟೆ ಕುಕ್ಕಿದಳು. "ಎಷ್ಟು ಸಲ ಕೂಗೋದಣ್ಣಾ? ಬಟಾಣಿ ಸೂಪು ಆರಿ ಗೋಡೆಗೆ ಬಳಿಯೋ ಹಾಗಾಯ್ತು." ಬಲಗಡೆ ನಿಂತಿದ್ದಳು. ಆ ಕಿವಿ ಸತ್ತು ಒಂಬತ್ತು ವರ್ಷ. ಅವಳಿಗೂ ಹೇಳಿಲ್ಲ. ಅರಮನೆಯ ಹೆರಿಗೆಗಳಿಗೆ ಸಾಕ್ಷಿ ಕೂರುವುದು ನನ್ನ ದಾಖಲೆಗಾರನ ಹುದ್ದೆಗೆ ಅಂಟಿದ ಕೆಲಸ. ಕಿವುಡ ಸಾಕ್ಷಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೈಸಿಕೊಂಡು ತಿಂದೆ.

ಅಕ್ಟೋಬರ್ ೧೭

ಉದ್ದ ಮೊಗಸಾಲೆಯಲ್ಲಿ ರಾಣಿ ಓಟೀಲಿಯ ಎದುರಾದರು. ಜೊತೆಗೆ ನಡೆದರು — ನನ್ನ ಎಡಕ್ಕೆ. ದೊಡ್ಡವರು ಬಲಕ್ಕೆ, ಸಣ್ಣವರು ಎಡಕ್ಕೆ. ಇದು ಅರಮನೆಯ ನಾಯಿಗಳಿಗೂ ಗೊತ್ತು. ಅವರು ಹೀಗೆ ಮಾಡುವುದು ಮೊದಲ ಸಲವಲ್ಲ. ವಸಂತದಿಂದ ಗಮನಿಸುತ್ತಿದ್ದೇನೆ. ನನಗಿಲ್ಲದ ಗೌರವ ಕೊಡುತ್ತಾರೆ. ಬದಲಿಗೆ ಏನು ಕೇಳಲಿದ್ದಾರೆ?

"ಹೆರ್ ವೀಗಾಂಡ್, ಆ ದಿನ ಬಾಗಿಲಾಚೆ ಕೂರೋದು ನೀವೇ ಅಲ್ವಾ?"

"ಹೌದು, ರಾಣಿಯವರೇ."

"ಚೆನ್ನಾಗಿ ಕೇಳಿಸಿಕೊಳ್ಳಿ. ನನಗೆ ಇನ್ನೇನೂ ಬೇಡ."

ಇನ್ನೇನೂ ಬೇಡ ಎನ್ನುವವರ ಬಗ್ಗೆಯೇ ಎಚ್ಚರ ಬೇಕು.

ಸಂಜೆ ಮನೆ-ಪುಸ್ತಕ ತೆಗೆದು ನೋಡಿದೆ. ಬೆಟ್ಟದ ಮನೆಯ ಗಂಡುಮಕ್ಕಳೆಲ್ಲ ಲೂಡೊಲ್ಫ್. ಹುಟ್ಟಿದ ಕ್ರಮದಲ್ಲಿ ಸಂಖ್ಯೆ. ಒಮ್ಮೆ ಉಸಿರಾಡಿದರೆ ಸಾಕು, ಸಂಖ್ಯೆ ಸಿಗುತ್ತದೆ. ಹದಿನೇಳನೆಯವನು ಒಂದು ಗಂಟೆ ಬದುಕಿದ್ದ. ನೆಲಮಾಳಿಗೆಯಲ್ಲಿ ಅವನಿಗೂ ತವರದ ಶವಪೆಟ್ಟಿಗೆ ಇದೆ, ಹಿತ್ತಾಳೆ ಫಲಕ ಇದೆ. ಉಸಿರಾಡದವು ತೋಟದ ಗೋಡೆಯ ಬುಡದಲ್ಲಿ. ಅವಕ್ಕೆ ಕಲ್ಲೂ ಇಲ್ಲ. ಮೊನ್ನೆ ತೀರಿಕೊಂಡವರು ಮೂವತ್ತೆಂಟನೆಯವರು. ಮುಂದಿನ ಸಾಲು ಖಾಲಿ.

ಅಕ್ಟೋಬರ್ ೨೮, ಸಂಜೆ

ರಾಣಿಯವರಿಗೆ ನೋವು ಕಾಣಿಸಿಕೊಂಡಿದೆ, ಅವಧಿಗೆ ಮುಂಚೆಯೇ. ಸಾಕ್ಷಿ ಕೋಣೆಗೆ ಹೋಗಿ ನೋಡಿದೆ. ಕುರ್ಚಿ ತಿರುಗಿದೆ!

ನೆಲದಲ್ಲಿ ನಾಲ್ಕು ಹಿತ್ತಾಳೆ ಮೊಳೆಗಳಿವೆ, ಕುರ್ಚಿಯ ಕಾಲಿಗೆ ಒಂದೊಂದು. ಸಾಕ್ಷಿ ಕೂರುವುದು ಕಿಟಕಿಗೆ ಮುಖ ಮಾಡಿ, ಹೆರಿಗೆ ಕೋಣೆಯ ಬಾಗಿಲು ಬಲಕ್ಕೆ. ಬಾಗಿಲು ನಾಲ್ಕು ಬೆರಳು ತೆರೆದಿರಬೇಕು. ಸಾಕ್ಷಿ ಒಳಗೆ ನೋಡಕೂಡದು, ಕೇಳಬೇಕು. ಇನ್ನೂರು ವರ್ಷದಿಂದ ಹೀಗೆ. ಯಾರೋ ಕುರ್ಚಿಯನ್ನು ಕಿಟಕಿಯ ಎದುರಿನ ಗೋಡೆಯ ಕಡೆ ತಿರುಗಿಸಿದ್ದಾರೆ. ಕೂತರೆ ಬಾಗಿಲು ಎಡಕ್ಕೆ ಬರುತ್ತದೆ.

ಬ್ಯಾರನ್ ಕೆಲಸ. ಕುರ್ಚಿ ಮೊಳೆ ತಪ್ಪಿದ್ದರೆ ಸಾಕ್ಷಿಯೇ ಅಸಿಂಧು ಎಂದು ನಾಳೆ ವಾದಿಸಬಹುದು. ಮೊಣಕಾಲೂರಿ ಕಾಲುಗಳನ್ನು ಒಂದೊಂದಾಗಿ ಮೊಳೆಗಳ ಮೇಲೆ ಕೂರಿಸಿದೆ. ಸತ್ತ ಕಿವಿ ಬಾಗಿಲ ಕಡೆಗೇ ಆಯಿತು. ಪರವಾಗಿಲ್ಲ, ಬಾಗಿಲಿಗೂ ಕುರ್ಚಿಗೂ ನಾಲ್ಕೇ ಅಡಿ. ಎಡಗಿವಿಗೆ ಕೇಳಿಸುತ್ತದೆ. ಈ ಹಿಂದೆ ಎರಡು ಸಲ ಕೇಳಿಸಿದೆ — ಎರಡೂ ಹೆಣ್ಣುಮಕ್ಕಳು, ಒಳ್ಳೆಯ ಗಂಟಲು.

ಅಕ್ಟೋಬರ್ ೨೯

ಗಂಡು. ಬದುಕಿಲ್ಲ.

ಅದೇ ದಿನ, ದೀಪ ಹಚ್ಚಿದ ಮೇಲೆ

ಕ್ರಮವಾಗಿ ಬರೆಯಬೇಕು. ಊಟದ ಹೊತ್ತು ಕಳೆದಿತ್ತು. ಕಿಟಕಿಯಾಚೆ ಗಾಡಿಯೊಂದರಿಂದ ಸೌದೆ ಇಳಿಸುತ್ತಿದ್ದರು. ದಡ್, ದಡ್. ಒಳಗೆ ರಾಣಿಯವರ ನರಳಾಟ. ಆಮೇಲೆ ಅದೂ ಇಲ್ಲ. ಬಹಳ ಹೊತ್ತು ಇಲ್ಲ. ಸೂಲಗಿತ್ತಿ ಟ್ರೈಬರಿನ್ ಬಾಗಿಲು ತಳ್ಳಿಕೊಂಡು ಬಂದಳು, ಕೈಯಲ್ಲಿ ಬಟ್ಟೆಯ ಗಂಟು.

"ಕೇಳಿಸ್ತಲ್ಲಾ? ಬರ್ಕೊಳ್ಳಿ. ಒಂದು ಸಲ ಅತ್ತ. ಒಂದೇ ಸಲ, ಬೆಕ್ಕಿನ ಮರಿ ಹಾಗೆ."

ಹಿಂದೆಯೇ ಡಾಕ್ಟರು. ಪದ್ಧತಿಯಂತೆ ಕರೆಯುವವರೆಗೆ ಪರದೆಯ ಹಿಂದೆ ಇದ್ದವರು. "ನಾನು ತಾಯೀನ ನೋಡೋಕೆ ಓಡಿದೆ ಕಣ್ರೀ. ರಕ್ತ ನಿಲ್ತಿರಲಿಲ್ಲ. ಮಗು ಕಡೆ ಕಿವಿ ಇರಲಿಲ್ಲ ನಂದು."

ಇನ್ನೊಂದು ಬಾಗಿಲಲ್ಲಿ ಬ್ಯಾರನ್ ಹಾಕ್. ಯಾವಾಗ ಬಂದು ನಿಂತರೋ. ಮೃದುವಾಗಿ ಕೇಳಿದರು: "ಬಾಗಿಲ ಸಾಕ್ಷಿಯವರಿಗೆ ಏನು ಕೇಳಿಸಿತು?"

"ಏನೂ ಇಲ್ಲ," ಅಂದೆ.

ನಿಜ. ಏನೂ ಕೇಳಿಸಲಿಲ್ಲ.

ನವೆಂಬರ್ ೨

ಮೂರು ದಿನ ಬರೆಯಲಾಗಲಿಲ್ಲ.

ಬ್ಯಾರನ್ ಒಂದು ಬುಟ್ಟಿ ಸೇಬು ಕಳಿಸಿದ್ದಾರೆ. ಚೀಟಿಯಲ್ಲಿ "ನಿಷ್ಠೆಗೆ" ಎಂದಿದೆ. ಬೆನಿಗ್ನಾ ಒಂದನ್ನು ಕಚ್ಚಿ, "ಒಳಗೆ ಹುಳ ಇಲ್ಲ, ಆಶ್ಚರ್ಯ" ಎಂದಳು.

ಯಾರಿಗೆ ಏನು ಬೇಕು ಎಂದು ಹಾಳೆಯ ಮೇಲೆ ಬಿಡಿಸಿ ನೋಡಿದೆ. ಸೀಮೆ ಹೇಗೂ ಹೊಳೆಯ ಮನೆಗೇ. ಆದರೆ ಮಗು ಒಮ್ಮೆ ಉಸಿರಾಡಿದ್ದರೆ, ತಂದೆ ಆಗಲೇ ತೀರಿಕೊಂಡಿದ್ದರಿಂದ, ಅಷ್ಟು ಹೊತ್ತು ಅವನೇ ಅರಸ. ರಾಣಿ ಅರಸನ ತಾಯಿ. ಸಾಯುವವರೆಗೂ ಅರಮನೆಗೇ ಅಂಟಿದ ಲಿಂಡೆನ್‌ಹೋಫ್ ಮನೆ ಅವರದು, ಮಗನ ಪೆಟ್ಟಿಗೆ ಅವರ ಕಾಲ ಬುಡದ ನೆಲಮಾಳಿಗೆಯಲ್ಲಿ. ಉಸಿರಾಡಿಲ್ಲವಾದರೆ ಮಗು ತೋಟದ ಗೋಡೆಗೆ, ರಾಣಿ ತವರಿಗೆ. ಅಲ್ಲಿಂದ ಮತ್ತೆ ಬೆಟ್ಟ ಹತ್ತಲು ಹೊಳೆಯ ಮನೆ ಬಿಡುವುದಿಲ್ಲ.

ಅಂದರೆ ರಾಣಿಗೆ ಕೂಗು ಬೇಕು. ಸೂಲಗಿತ್ತಿ ರಾಣಿಯ ತವರಿನವಳು. ಬ್ಯಾರನ್‌ಗೆ ಮೌನ ಬೇಕು. ಎಲ್ಲರ ಮಾತೂ ಅವರವರ ಬೇಕಿನ ಅಳತೆಗೆ ಹೊಲಿದದ್ದು. ಏನೂ ಬೇಡದವನು ನಾನೊಬ್ಬನೇ — ಎಂದು ಬರೆದೆ. ಓದಿದೆ. ನನಗೆ ಹುದ್ದೆ ಬೇಕು.

ಮಧ್ಯಾಹ್ನ ಶವಪೆಟ್ಟಿಗೆ ಮಾಡುವವನು ಟೋಪಿ ಹಿಡಿದು ಬಂದಿದ್ದ. ವಂಶದ ಕೊನೆಯವನ ಪೆಟ್ಟಿಗೆಯ ಮೇಲೆ ಮನೆತನದ ಲಾಂಛನದ ಗುರಾಣಿಯನ್ನು ತಲೆಕೆಳಗಾಗಿ ಬಡಿಯುವುದು ಪದ್ಧತಿ. ನಮಗೆ ಮುಂಚೆ ಆಳಿದ ವಂಶದ ಕೊನೆಯವನದೂ ಹಾಗೆಯೇ ಇದೆ. "ಯಾವುದರ ಮೇಲೆ ಬಡೀಲಿ ಸ್ವಾಮಿ? ದೊಡ್ಡದರ ಮೇಲೋ, ಚಿಕ್ಕದರ ಮೇಲೋ? ಚಿಕ್ಕದು ಮಾಡ್ಲೋ ಬೇಡ್ವೋ ಅಂತ ಮೊದ್ಲು ಹೇಳಿ."

ತಡಿ ಎಂದೆ. ಮಗು ಉಸಿರಾಡಿತೋ ಇಲ್ಲವೋ ಎಂದು ಹನ್ನೊಂದನೆಯ ತಾರೀಕು ವಿಚಾರಣೆ.

ನವೆಂಬರ್ ೫

ಟ್ರೈಬರಿನ್ ದಾಖಲೆ ಕೋಣೆಗೇ ಬಂದಳು. ಕೂರಲಿಲ್ಲ.

"ನಲವತ್ತು ವರ್ಷ ಮಕ್ಕಳನ್ನ ಹೊರಗೆ ತಂದಿದ್ದೀನಿ. ಅತ್ತದ್ದು ಯಾವುದು, ಅಳದಿದ್ದದ್ದು ಯಾವುದು ಗೊತ್ತಾಗಲ್ವಾ ನನಗೆ? ನಿಮ್ಮ ಕಾಗದಗಳು ಅಳುತ್ವಾ, ಹೇಳಿ?"

"ಕೂಗಿದ್ದರೆ ಕೇಳಿಸಬೇಕಿತ್ತು."

"ಕೇಳಿಸ್ತಿತ್ತು, ಕುರ್ಚಿ ನಾನಿಟ್ಟ ಹಾಗೇ ಇದ್ದಿದ್ರೆ."

ಪೆನ್ನು ಕೆಳಗಿಟ್ಟೆ. "ನೀನಾ ತಿರುಗಿಸಿದ್ದು?"

"ಮತ್ತಿನ್ಯಾರು? ರಾಣಿಯವರು ಹೇಳಿದ್ರು, ಬಾಗಿಲು ವೀಗಾಂಡರ ಎಡಕ್ಕೆ ಬರೋ ಹಾಗೆ ಇಡು ಅಂತ. ಯಾಕಮ್ಮಾ ಅಂದೆ. ಪಾಪ, ಅವರಿಗೆ ಆ ಕಡೆಯಿಂದಲೇ ಕೇಳೋದು, ಯಾರಿಗೂ ಹೇಳ್ಬೇಡ ಅಂದ್ರು. ನೀವು ಬಂದು ಮೊಳೆ ಹುಡುಕಿ ಹುಡುಕಿ ಕೂರಿಸಿದ್ರಿ. ಬಾಗಿಲ ಸಂದಿಯಿಂದ ನೋಡ್ದೆ. ಆಗ ಅವರಿಗೆ ನೋವು ಜೋರಾಗಿತ್ತು, ನಾನು ನಿಮ್ಮ ಜೊತೆ ಜಗಳ ಆಡ್ಕೊಂಡು ನಿಲ್ಲೋಕಾಗುತ್ತಾ?"

ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ.

ನವೆಂಬರ್ ೬

ಮೊಗಸಾಲೆ. ಎಡಕ್ಕೆ ನಡೆದದ್ದು. ವಸಂತದಿಂದ.

ಇದನ್ನೂ ಅನುಮಾನಿಸಿ ನೋಡಿದೆ, ಅಭ್ಯಾಸಬಲ. ಕರುಣೆಯೋ, ಉಪಾಯವೋ? ಉಪಾಯವೆಂದೇ ಇಟ್ಟುಕೊಳ್ಳೋಣ. ಸತ್ತ ಮಗು ಅತ್ತಿತು ಎಂದು ಸುಳ್ಳು ಹೇಳುವ ಯೋಜನೆಯಿದ್ದವರಿಗೆ ಕಿವುಡ ಸಾಕ್ಷಿಗಿಂತ ಒಳ್ಳೆಯವನು ಸಿಗುತ್ತಾನೆಯೇ? ಗುಟ್ಟು ಬಯಲಾಗುವ ಭಯಕ್ಕೆ ಅವನು ಹೇಳಿಕೊಟ್ಟದ್ದಕ್ಕೆಲ್ಲ ಹೌದೆನ್ನುತ್ತಾನೆ. ನನ್ನ ಗುಟ್ಟು ಗೊತ್ತಿದ್ದವರು ಕುರ್ಚಿಯನ್ನು ಮೊಳೆಗಳ ಮೇಲೆಯೇ ಬಿಡುತ್ತಿದ್ದರು. ಕೂಗಿದರೂ ಕೂಗದಿದ್ದರೂ ನನಗೆ ಸರಿಯಾಗಿ ಕೇಳಿಸಲಿ ಎಂದು ತಿರುಗಿಸಿದ್ದಾರೆ. ಇಡೀ ಅರಮನೆಯಲ್ಲಿ ನಿಜವಾದ ಸಾಕ್ಷಿ ಬೇಕಾಗಿದ್ದದ್ದು ಅವರೊಬ್ಬರಿಗೆ.

ಮಗು ಅತ್ತಿತೋ ಇಲ್ಲವೋ ನನಗೆ ಈಗಲೂ ತಿಳಿಯದು. ತಿಳಿಯದಂತೆ ಮಾಡಿದವನು ನಾನು. ಮೊಣಕಾಲೂರಿ.

ನವೆಂಬರ್ ೮

ಕೇಳಿಸಿತು ಎಂದು ಈಗ ಬರೆಯಲಾರೆ. ಮನೆ-ಪುಸ್ತಕದಲ್ಲಿ ಸುಳ್ಳು ಬರೆದವನಲ್ಲ. ಆದರೆ ಅದರ ಮೊದಲ ಹಾಳೆಯಲ್ಲೇ ಒಂದು ವಿಧಿ ಇದೆ, ಯಾರೂ ಬಳಸಿಲ್ಲ: ಬಾಗಿಲ ಸಾಕ್ಷಿ ಅಸಮರ್ಥನೆಂದು ಸಿದ್ಧವಾದರೆ ಅವನ ಮಾತು ಬಿದ್ದುಹೋಗುತ್ತದೆ, ಸೂಲಗಿತ್ತಿಯ ಪ್ರಮಾಣ ಉಳಿಯುತ್ತದೆ.

ಡಾಕ್ಟರಿಗೆ ಹೇಳಿದೆ. ಮೊದಲ ಬಾರಿ, ಗಟ್ಟಿಯಾಗಿ. ಅವರು ನನ್ನ ಬಲಗಿವಿ ಹಿಡಿದು ನೋಡಿದರು. "ಒಂಬತ್ತು ವರ್ಷ! ಈ ಕಡೆಯಿಂದ ನಾನು ಹೇಳಿದ ಜೋಕಿಗೆಲ್ಲ ನಕ್ಕಿದ್ದೀರಲ್ರೀ?"

"ನೀವು ನಕ್ಕಾಗ ನಾನೂ ನಗುತ್ತಿದ್ದೆ."

"ಹನ್ನೊಂದಕ್ಕೆ ಎಲ್ಲರೆದುರು ಪರೀಕ್ಷೆ ಮಾಡ್ಬೇಕಾಗುತ್ತೆ. ಆಮೇಲೆ ಈ ಕೆಲಸ ಇರಲ್ಲ ನಿಮಗೆ. ಈ ಮನೆಯೂ."

ಗೊತ್ತು ಎಂದೆ. ಬೆನಿಗ್ನಾಗೂ ಹೇಳಿದೆ. ಪಾತ್ರೆ ಉಜ್ಜುತ್ತಲೇ ಇದ್ದಳು. "ಅಂದ್ರೆ ಇಷ್ಟು ವರ್ಷ ನಾನು ಬೈದದ್ದರಲ್ಲಿ ಅರ್ಧ ದಂಡ." ಊಟಕ್ಕೆ ಎಡಗಡೆ ಬಂದು ಕೂತಳು.

ನವೆಂಬರ್ ೧೧, ಬುಧವಾರ. ವಿಚಾರಣೆಯ ಕೋಣೆಯ ಹೊರಗೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸೂತಕ ಇಂದಿಗೆ ಮುಗಿಯಿತು. ಅಡಿಗೆಮನೆಯಿಂದ ಮಾರ್ಟಿನ್ ಹಬ್ಬದ ಹೆಬ್ಬಾತಿನ ವಾಸನೆ.

ಬ್ಯಾರನ್ ಒಳಗೆ ಹೋಗುವಾಗ ನಿಂತರು. "ಇಲ್ಲದ ಕಾಯಿಲೆ ಹೇಳಿಕೊಳ್ಳುವವರನ್ನ ಕಂಡಿದ್ದೇನೆ, ಹೆರ್ ವೀಗಾಂಡ್. ಯಾರು ಏನು ಕೊಟ್ಟರು?" ಅನುಮಾನಿಸುವ ಮುಖ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಈವರೆಗೆ ನೋಡಿರಲಿಲ್ಲ. ಕನ್ನಡಿಯ ಮುಂದೆ ನಿಂತ ಹಾಗಾಯಿತು.

ಡಾಕ್ಟರು ಕಣ್ಣಿಗೆ ಬಟ್ಟೆ ಕಟ್ಟಿ ಜೇಬುಗಡಿಯಾರವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಿಡಿಯುತ್ತಾರಂತೆ. ಕೇಳಿದಾಗ ಕೈ ಎತ್ತಬೇಕು. ಕೇಳದಿದ್ದಾಗ ಸುಮ್ಮನಿರಬೇಕು. ಸುಲಭ. ಜೀವನದಲ್ಲಿ ಮೊದಲ ಸಲ.

ಸೇವಕ ಏಣಿ ತಂದು ಮೊಗಸಾಲೆಯ ಗಡಿಯಾರಗಳಿಗೆ ಕೀಲಿ ಕೊಡುತ್ತ ಬರುತ್ತಿದ್ದಾನೆ. ಎಡಗೋಡೆಯದು ಶುರುವಾಯಿತು, ಸದ್ದು ಬಂತು. ಬಲಗೋಡೆಯದರ ಲೋಲಕ ಆಡುತ್ತಿದೆ. ಸದ್ದಿಲ್ಲ. ಅದೂ ಬಡಿಯುತ್ತಿದೆ ಎಂದು ನಂಬಬೇಕು.

ಮನೆ-ಪುಸ್ತಕ ಮಡಿಲಲ್ಲಿದೆ. ಮೂವತ್ತೆಂಟರ ಕೆಳಗೆ ಮುಂದಿನ ಹೆಸರಿಗೆಂದು ಗೆರೆ ಎಳೆದಿದ್ದೇನೆ. ಹೆಸರು ಬರೆಯುವ ಕೈ ನನ್ನದಾಗಿರುವುದಿಲ್ಲ.

ಯಾರೋ ಬಲತೋಳು ಮುಟ್ಟಿದರು. ರಾಣಿಯವರು, ಕಪ್ಪು ಮುಸುಕಿನಲ್ಲಿ, ಇನ್ನೂ ನಿಲ್ಲಲಾರದೆ ಗೋಡೆ ಹಿಡಿದು. ಬಲಗಡೆಯಿಂದ ಆಗಲೇ ಎರಡು ಸಲ ಕರೆದರಂತೆ, ನನ್ನ ಹೆಸರನ್ನು. "ಬನ್ನಿ, ಹೆರ್ ವೀಗಾಂಡ್," ಎಂದರು. ಏಳುತ್ತೇನೆ. ಅವರು ಎಡಕ್ಕೆ ಬರುವ ಮೊದಲೇ ನಾನೇ ಅವರ ಬಲಕ್ಕೆ ಹೋಗಿ, ಕೇಳುವ ಕಿವಿಯನ್ನು ಅವರ ಕಡೆಗೆ ಮಾಡುತ್ತೇನೆ.