ಮೈಯಲ್ಲೇ ಉಳಿದ ಔಷಧಿ

ಮನೆಯಿಂದ,
ಬುಧವಾರ ಸಂಜೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಒಳಗೆ ನೆಲ ತುಂಬ ತಣ್ಣಗಿರುತ್ತದಂತೆ, ಕಂಬಳಿ ಮಡಿಸಿ ದಪ್ಪವಾಗಿ ಹಾಸಿಕೋ. ಜೈಲಿನಲ್ಲಿ ನಿನ್ನನ್ನು ಹೊಲಿಗೆ ಕೆಲಸಕ್ಕೆ ಹಾಕಿದ್ದಾರೆಂದು ಕೇಳಿ ನಗು ಬಂತು. ನಮ್ಮ ಟೈಲರ್ ಅಂಗಡಿಯಲ್ಲಿ ನಾನು ಎಷ್ಟು ಗೋಗರೆದರೂ ಮೆಷಿನ್ ಮುಟ್ಟದೆ, ಗ್ಯಾರೇಜೇ ಬೇಕೆಂದು ಹೊರಟವನು ನೀನು. ಆ ಗ್ಯಾರೇಜಿನ ಜಗಳ, ನಿನ್ನ ಕೈಯಲ್ಲಿದ್ದ ಸ್ಪ್ಯಾನರ್, ಎದುರಿನವನು ಸತ್ತದ್ದು, ಇದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಬರೆದು ಆಗುವುದೂ ಏನಿಲ್ಲ.

ಅಮ್ಮನ ಸುದ್ದಿ ಹೇಳಬೇಕು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದು, ನೋವಿಗೆ ಮಾರ್ಫಿನ್ ಕೊಡಲು ಶುರು ಮಾಡಿದಾಗ ನಾವು ಗೆದ್ದೆವು ಅಂದುಕೊಂಡೆ. ಎದ್ದು ಕೂತಳು, ನನ್ನ ಸಾರಿಗೆ ಉಪ್ಪಿಲ್ಲವೆಂದು ಮೂಗು ಮುರಿದಳು. ಆಮೇಲೆ ಬರೀ ನಿದ್ದೆ. ತುತ್ತು ಬಾಯಲ್ಲಿಟ್ಟುಕೊಂಡೇ ತೂಕಡಿಸುವಳು, ಕೈಕಾಲು ತಟ್ಟನೆ ಅದುರುವವು. ಒಂದು ಮಧ್ಯಾಹ್ನ ನನ್ನನ್ನು ನೋಡಿ, "ಯಾರಪ್ಪಾ ನೀವು? ಮೀಟರ್ ಹೊರಗಡೆ ಇದೆ, ನೋಡ್ಕೊಂಡು ಹೋಗಿ" ಅಂದಳು. ಇಷ್ಟು ವರ್ಷ ಬಾಳಿದ ಗಂಡ ಕರೆಂಟ್ ಬಿಲ್ಲಿನವನಾಗಿಬಿಟ್ಟೆ ನೋಡು. ಮೊದಲು ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟುಕೊಂಡು ಅತ್ತೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ನೋಡಿ ಯಜಮಾನ್ರೇ, ನುಂಗಿದ ಔಷಧಿ ಸುಮ್ನೆ ಮಾಯ ಆಗಲ್ಲ. ಲಿವರ್ ಅದನ್ನ ಬೇರೆ ರೂಪಕ್ಕೆ ತಿರುಗಿಸತ್ತೆ, ಕಿಡ್ನಿ ಅದನ್ನ ಸೋಸಿ ಮೂತ್ರದಲ್ಲಿ ಹೊರಗೆ ಹಾಕತ್ತೆ. ಇವರ ಕಿಡ್ನಿ ಸೋತುಹೋಗಿದೆ. ನಿನ್ನೆ ಕೊಟ್ಟಿದ್ದು ಇನ್ನೂ ಮೈಯಲ್ಲೇ ಇದೆ, ಅದರ ಮೇಲೆ ಇವತ್ತಿಂದು ಸೇರ್ತಾ ಇದೆ." ಮರೆವು ಅಮ್ಮನದಲ್ಲ, ಔಷಧಿಯದು ಎಂದು ತಿಳಿದು ಒಂದು ಗಳಿಗೆ ಜೀವ ಬಂದಂತಾಯಿತು.

ಮಾರ್ಫಿನ್ ನಿಲ್ಲಿಸಿ ಚರ್ಮಕ್ಕೆ ಅಂಟಿಸುವ ಬೇರೊಂದು ಔಷಧಿಯ ಪಟ್ಟಿ ಹಾಕಿದರು. ಅದನ್ನು ಲಿವರೇ ಕರಗಿಸಿ ಮುಗಿಸುತ್ತದಂತೆ, ಕಿಡ್ನಿಗೆ ಅಷ್ಟು ಹೊರೆಯಿಲ್ಲವಂತೆ. ಕೆಲವು ದಿನ ಅಮ್ಮ ಅಮ್ಮನಾಗಿದ್ದಳು. "ರೀ, ಆ ಗಡ್ಡ ತೆಗೀರಿ, ನೋಡೋಕಾಗಲ್ಲ" ಅಂದಳು. ಆ ಬೈಗುಳ ಕಿವಿಗೆ ಎಷ್ಟು ಹಿತವಾಗಿತ್ತು ಗೊತ್ತೇ? ಅಷ್ಟರಲ್ಲಿ ಅವಳ ಕಣ್ಣು ಹಳದಿಗೆ ತಿರುಗಿತು. ರೋಗ ಲಿವರಿಗೂ ಹಬ್ಬಿದೆ. ಈಗ ಯಾವ ಔಷಧಿ ಕೊಟ್ಟರೂ ಒಡೆಯುವ ಶಕ್ತಿಯಿಲ್ಲ, ಹೊರಗೆ ಹಾಕುವ ಶಕ್ತಿಯೂ ಇಲ್ಲ. ಪಟ್ಟಿ ತೆಗೆಸಿ, ಔಷಧಿ ಚಿಟಿಕೆಯಷ್ಟೇ ಕೊಟ್ಟು, ಅಂತರ ಬಿಟ್ಟು ಕಾಯುತ್ತೇವೆ. ಕೊಟ್ಟರೆ ಅವಳಿಗೆ ನಾನು ಯಾರೋ. ಕೊಡದಿದ್ದರೆ ಹಾಸಿಗೆಯ ಅಂಚು ಹಿಡಿದು, ಹಲ್ಲು ಕಚ್ಚಿಕೊಂಡು ಮಲಗಿರುತ್ತಾಳೆ, ಬೆವರು ದಿಂಬಿಗೆ ಇಳಿಯುತ್ತದೆ. ಎಷ್ಟು ದಿನವೆಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ನನ್ನ ಭುಜ ಮುಟ್ಟಿದರು.

ಅಂಗಡಿಯ ಬಾಗಿಲು ತೆರೆಯದೆ ವಾರಗಳಾದವು. ಒದ್ದೆ ಬಟ್ಟೆಯಲ್ಲಿ ಅವಳ ತುಟಿ ಒರೆಸುತ್ತ ಕೂತಿರುತ್ತೇನೆ. ಯಾರನ್ನು ಏನೆಂದು ಬೇಡಿಕೊಳ್ಳಬೇಕೋ ತೋಚುವುದಿಲ್ಲ. ನೋವು ಹೋಗಲೆಂದು ಬೇಡಿದರೆ ಅವಳೇ ಹೋಗಲೆಂದು ಬೇಡಿದ ಹಾಗಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರೊಂದಿಗೂ ಮಾತಿಗೆ ಮಾತು ಬೆಳೆಸಬೇಡ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ತಲೆಯ ಮೇಲಿದೆ.

ನಿನ್ನ ಅಪ್ಪ

ಮತ್ತೆ: ಇದನ್ನು ಬರೆಯಲೆಂದೇ ಕೂತದ್ದು, ಕೈ ಬರಲಿಲ್ಲ. ಮುಂದಿನ ವಾರದ ಭೇಟಿಗೆ ಅಮ್ಮನೂ ಬರುತ್ತಾಳೆ. ಹಿಂದಿನ ದಿನದಿಂದಲೇ ಔಷಧಿ ಮುಟ್ಟುವುದಿಲ್ಲವಂತೆ. "ಅವನ ಮುಖ ನೋಡ್ದಾಗ ಅವನು ಯಾರು ಅಂತ ನಂಗೆ ಗೊತ್ತಿರ್ಬೇಕು" ಅಂತಾಳೆ. ಡಾಕ್ಟರಮ್ಮ ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ. ಹೋದ ಸಲ ನಾವು ಬಂದಾಗ ನಾಚಿಕೆಯೋ ಏನೋ, ನೀನು ಜಾಲರಿಯ ಹತ್ತಿರ ಬರಲೇ ಇಲ್ಲ. ಈ ಸಲ ಹಾಗೆ ಮಾಡಬೇಡ, ಮಗನೇ. ಕರೆದ ತಕ್ಷಣ ಬಾ. ಅವಳಿಗೆ ಕಾಯಲು ಆಗುವುದಿಲ್ಲ.