ಸಡಿಲ ಬಿದ್ದ ಬೊಂಬೆ

ಮೊಹಾಲಿ, ಜನವರಿ ೧೭

ಚಿಕ್ಕಪ್ಪಾ, ಚಿಕ್ಕಮ್ಮನನ್ನೂ ಕರೆದು ಕೂರಿಸಿಕೊಂಡು ಇದನ್ನು ಗಟ್ಟಿಯಾಗಿ ಓದಿ.

ನೀರಿನ ಆರು ಅಣುಗಳು ಒಂದಕ್ಕೊಂದು ಅಂಟಿ ಕೂತ ಬೊಂಬೆ ಬೇಕೆಂದು ಈ ಪ್ರಯೋಗಾಲಯದವರು ಕೇಳಿದ್ದರಲ್ಲ, ನಾನು ಲೇತಿನಲ್ಲಿ ಕಡೆದು ತಂದವೆಲ್ಲ ನಮ್ಮ ಚನ್ನಪಟ್ಟಣದ ಪದ್ಧತಿಯಂತೆ ಬಿಗಿಯಾಗಿದ್ದವು. ಇಲ್ಲಿನ ಮೇಡಂ ಒಂದೊಂದನ್ನೂ ತಿರುಗಿಸಲು ನೋಡಿ, ಆಗದೆ ಪಕ್ಕಕ್ಕಿಟ್ಟರು. ಎಷ್ಟೇ ತಣ್ಣಗೆ ಮಾಡಿದರೂ ಹೈಡ್ರೋಜನ್ನಿನ ನ್ಯೂಕ್ಲಿಯಸ್ ಒಂದೆಡೆ ನಿಲ್ಲುವುದಿಲ್ಲವಂತೆ. ಅಡ್ಡ ಇರುವ ದಿಬ್ಬವನ್ನು ಹತ್ತದೆಯೇ ಆಚೆಗೆ ಹೋಗಿರುತ್ತದಂತೆ. ಆಗ ಅಕ್ಕಪಕ್ಕದ ಎರಡು ಅಣುಗಳು ಜೊತೆಯಲ್ಲೇ ತಿರುಗುವುದೂ ಉಂಟಂತೆ. ಬಿಗಿ ಬೊಂಬೆಯಲ್ಲಿ ಅದನ್ನು ತೋರಿಸಲಾಗದಂತೆ.

ನನ್ನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಚೀಲದ ತಳದಲ್ಲಿ ನೀವು ಮಾಡಿದ್ದು ಕೈಗೆ ಸಿಕ್ಕಿತು. “ಕೈ ನಡುಗ್ತೈತೆ ಕಣವ್ವ, ಗೂಟ ಎಲ್ಲಾ ಸಡ್ಲ ಆಗ್ಬುಟ್ಟವೆ, ಒಲೆಗಾಕು” ಅಂದಿದ್ದಿರಲ್ಲ, ಅದೇ. ಮನಸ್ಸು ಬರದೆ ಇಟ್ಟುಕೊಂಡಿದ್ದೆ. ಮೇಡಂ ಅದರಲ್ಲಿ ಆಕ್ಸಿಜನ್ನಿನದೊಂದು ಕೆಂಪು ಗುಂಡನ್ನು ತಿರುಗಿಸಿದರು. ಅದಕ್ಕೆ ಸಿಕ್ಕಿಸಿದ ಹೈಡ್ರೋಜನ್ನಿನ ಬಿಳಿ ಗುಂಡು ತಗುಲಿ ಪಕ್ಕದ ಅಣುವೂ ತಿರುಗಿತು! ಅವರು ಕೂಗಿಕೊಂಡ ಸದ್ದಿಗೆ ಹೊರಗಿದ್ದವರೆಲ್ಲ ಓಡಿ ಬಂದರು.

ಈಗ ಅದು ಬಾಗಿಲ ಬಳಿಯ ಮೇಜಿನ ಮೇಲಿದೆ. ಬಂದವರೆಲ್ಲ ಒಮ್ಮೆ ತಿರುಗಿಸಿಯೇ ಒಳಗೆ ಹೋಗುವುದು. ಕೆಳಗೆ “ಚೆಲುವಯ್ಯ, ಚನ್ನಪಟ್ಟಣ” ಎಂದು ಬರೆಸಿದ್ದೇನೆ.

ಚಳಿಗೆ ತುಟಿ ಒಡೆದಿದೆ, ತಂದ ರಾಗಿಹಿಟ್ಟು ಮುಗಿದಿದೆ, ಉಳಿದಂತೆ ಚೆನ್ನಾಗಿದ್ದೇನೆ. ಕಾರ್ಡಿನಲ್ಲಿ ಜಾಗವಿಲ್ಲ. ಇನ್ನೂ ಹನ್ನೆರಡು ಬೇಕಂತೆ, ನನ್ನ ಕೈಯದು ಬೇಡವಂತೆ. ಲೇತಿಗೆ ಹೊದಿಸಿದ ಗೋಣಿಚೀಲ ತೆಗೆಯಿರಿ.

ನಿಮ್ಮ ಮಗಳು ಭಾನು