ಅನಗತ್ಯ ಭರವಸೆ ಹುಟ್ಟಿಸಿದ ಆರೋಪ

ಗಡೀಪಾರು ವಿಚಾರಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಾರಿಡಾರಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ನಾವು ಕೆಲವು ವಕೀಲರು ಸಂಬಳವಿಲ್ಲದೆ ಕೂರುತ್ತಿದ್ದ ಮೇಜನ್ನು ಕಳೆದ ವಾರ ಎತ್ತಿಸಿದಿರಿ. ಕಾರಣವನ್ನೂ ದಯಪಾಲಿಸಿದ್ದೀರಿ: ನಾವು ವಲಸಿಗರಲ್ಲಿ ‘ಅನಗತ್ಯ ಭರವಸೆ’ ಹುಟ್ಟಿಸುತ್ತಿದ್ದೇವಂತೆ. ಕರಿ ಕೋಟು ಹಾಕಿದ ಇಷ್ಟು ವರ್ಷಗಳಲ್ಲಿ ನನ್ನ ಮೇಲೆ ಬಗೆಬಗೆಯ ದೂರು ಬಂದಿವೆ. ಇಂಥ ಘನವಾದ ಆರೋಪ ಇದೇ ಮೊದಲು. ಧನ್ಯಳಾದೆ. ಹಾಗಾದರೆ ಅಗತ್ಯವಾದ ಭರವಸೆ ಎಷ್ಟು, ಅದನ್ನು ಯಾವ ಕೌಂಟರಿನಲ್ಲಿ ಕೊಡುತ್ತೀರಿ ಎಂದೂ ತಿಳಿಸಿದ್ದರೆ ಚೆನ್ನಾಗಿತ್ತು.

ನನ್ನ ಅಪರಾಧಕ್ಕೆ ಸಾಕ್ಷಿಯನ್ನು ನಾನೇ ಒದಗಿಸುತ್ತೇನೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಹೆಂಗಸೊಬ್ಬರ ವಿಚಾರಣೆ ಇತ್ತು. ಊರು ಯಾಕೆ ಬಿಟ್ಟಿರಿ ಎಂದು ನಿಮ್ಮ ಅಧಿಕಾರಿ ಕೇಳಿದರು. ಆಕೆ ಸೆರಗಿನಂಚು ಹಿಂಡುತ್ತಾ ಬಹಳ ಹೊತ್ತು ಮಾತಾಡಿದರು. ನಿಮ್ಮ ದುಭಾಷಿ ಅಷ್ಟನ್ನೂ ಒಂದೇ ಉಸಿರಿಗೆ ಇಳಿಸಿದರು: “ಗಂಡ ಇಲ್ಲ, ಕೆಲಸ ಹುಡ್ಕೊಂಡು ಬಂದಿದ್ದಾರೆ.” ಮಿತವ್ಯಯ ಎಂದರೆ ಇದು.

ಆಕೆಯ ನಾಡಿನಲ್ಲೇ ಹುಟ್ಟಿ ಬೆಳೆದ ನನ್ನ ಸೊಸೆ ಪಕ್ಕದಲ್ಲಿದ್ದಳು. ನನ್ನ ತೋಳು ಹಿಡಿದೆಳೆದಳು. “ಅತ್ತೆ, ಅವ್ರು ಹಾಗನ್ಲೇ ಇಲ್ಲ. ಬಂದೂಕಿನೋರು ಗಂಡನ್ನ ಎಳ್ಕೊಂಡು ಹೋದ್ರು, ಮಾರನೇ ದಿನ ನನ್ನ ಹುಡುಕ್ಕೊಂಡು ಬಂದ್ರು ಅಂತಿದ್ದಾರೆ.”

ನಾನು ಎದ್ದು ಆಕ್ಷೇಪಿಸಿದೆ. “ಮೇಡಂ, ಊಟದ ಹೊತ್ತಾಯ್ತು,” ಎಂದರು ಅಧಿಕಾರಿ. ಅವರ ಹಸಿವಿನ ಬಗ್ಗೆ ನನಗೆ ಗೌರವವಿದೆ, ಆದರೂ ಕೂರಲಿಲ್ಲ. ಮರುವಿಚಾರಣೆ ನಡೆಯಿತು, ಆಕೆಗೆ ಇಲ್ಲಿರಲು ಅನುಮತಿ ಸಿಕ್ಕಿತು. ಆದೇಶ ಓದಿ ಹೇಳಿದಾಗ ಆಕೆ ನಗಲೂ ಇಲ್ಲ, ಅಳಲೂ ಇಲ್ಲ. “ಅಕ್ಕಾ, ಇನ್ಮೇಲೆ ಯಾರಾದ್ರೂ ಬಾಗಿಲು ಬಡಿದ್ರೆ ತೆಗೀಬಹುದಾ?” ಎಂದು ಮಾತ್ರ ಸೊಸೆಯ ಮೂಲಕ ಕೇಳಿದರು. ತೆಗೀಬಹುದು ಎಂದೆ. ತಪ್ಪಾಯಿತೇ?

ಮೇಜು ಹೋದ ಮರುದಿನ ಒಬ್ಬ ವೆಲ್ಡರ್ ಒಂಟಿಯಾಗಿ ಒಳಗೆ ಹೋದರು. ಅರ್ಥವಾಗಲಿ ಬಿಡಲಿ, ದೊಡ್ಡವರ ಮಾತಿಗೆ ತಲೆಯಾಡಿಸುವ ಮನುಷ್ಯ. ‘ಸ್ವಇಚ್ಛೆಯಿಂದ ದೇಶ ಬಿಡುತ್ತೇನೆ’ ಎಂಬ ಹೇಳಿಕೆಗೆ ಸಹಿ ಹಾಕಿ ಹೊರಬಂದರು. ಹೊರಬಂದದ್ದೂ ನಿಮ್ಮ ವ್ಯಾನಿಗೆ. ಸಂಜೆ ಅವರ ಹೆಂಡತಿ, ಕಂಕುಳಲ್ಲಿ ಮಗು, ಗೇಟಿನಲ್ಲಿ ನನ್ನನ್ನು ಹಿಡಿದರು.

“ಅಮ್ಮಾ, ಯಾಕೆ ಸಹಿ ಹಾಕಿದ್ರಂತೆ? ಅವ್ರಿಗೆ ಇಲ್ಲಿನ ಅಕ್ಷರ ಓದಕ್ಕೇ ಬರಲ್ಲ.”

“ಯಾರಾದ್ರೂ ಓದಿ ಹೇಳಿದ್ರಾ?”

“ಇಲ್ಲ, ವ್ಯಾನ್ ಹತ್ತೋವಾಗ ಕೂಗಿ ಹೇಳಿದ್ರು. ಇಲ್ಲಿ ಹಾಕು ಅಂತ ಬೆರಳಿಟ್ಟು ತೋರಿಸಿದ್ರಂತೆ.”

ಓದಲು ಬಾರದವರ ಸ್ವಇಚ್ಛೆಯನ್ನು ಬೆರಳಿಟ್ಟು ತೋರಿಸುವ ಸೌಜನ್ಯ ಬೇರಾವ ಕಚೇರಿಯಲ್ಲಿದೆ, ಹೇಳಿ? ಆ ತಾಯಿಯ ಕಂಕುಳಿನಿಂದ ಮಗುವನ್ನು ಇಸಿದುಕೊಂಡು ನಿಂತೆ, ಆಕೆ ಮುಖ ತೊಳೆದು ಬಂದರು.

ಇಷ್ಟೂ ವ್ಯಂಗ್ಯವನ್ನು ಕ್ಷಮಿಸಿ, ಇನ್ನು ನೇರವಾಗಿ ಕೇಳುತ್ತೇನೆ. ವಿಚಾರಣೆಗೆ ಬರುವ ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ವಕೀಲರು, ಅವರ ಮಾತು ಬಲ್ಲ ಒಬ್ಬ ದುಭಾಷಿ ಇರಲಿ. ಆ ವೆಲ್ಡರ್ ಇನ್ನೂ ವಿಮಾನ ನಿಲ್ದಾಣದ ಹಿಂದಿನ ನಿಮ್ಮ ಕಟ್ಟಡದಲ್ಲೇ ಇದ್ದಾರೆ. ಅವರ ಸಹಿಯನ್ನು ರದ್ದುಮಾಡಿ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಒಮ್ಮೆ, “ಹೋಗ್ತೀರಾ?” ಎಂದು ಕೇಳಿ. ಅವರು ಬಾಯಿಬಿಟ್ಟು ಉತ್ತರಿಸುವವರೆಗೆ ವಿಮಾನ ಕಾಯಲಿ.

ಇಂತಿ,
ಗೇಟಿನಾಚೆ ಮಂಡಿನೋವಿನೊಂದಿಗೆ ನಿಂತೇ ಇರುವ
ಒಬ್ಬ ವಕೀಲೆ